ಕಂಪ್ಯೂಟರ್ ಬುದ್ಧಿವಂತ ಆಗುವುದಿಲ್ಲ, ಶ್ರೀಮಂತ ಆಗುತ್ತದೆ

ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟ ಸಿವಿಲೈಸೇಷನ್ 6ರ ಬಗ್ಗೆ ಒಂದು ಲೇಖನ ಓದಿದೆ. ‘ಪ್ರಿನ್ಸ್ ಲೆವೆಲ್ ಗೆದ್ದವರು ಧೈರ್ಯವಾಗಿ ಅದರ ಮೇಲಿನ ಕಿಂಗ್ ಲೆವೆಲ್‌ಗೆ ಹೋಗಿ, ಅಲ್ಲಿ ಎದುರಾಳಿಯಾಗಿ ಆಡುವ ಕಂಪ್ಯೂಟರ್ ಇನ್ನೂ ಚುರುಕಾಗಿ ಯೋಚಿಸುತ್ತದೆ’ ಎಂದು ಅದರ ಲೇಖಕರು ಬರೆದಿದ್ದಾರೆ. ಹೋಗಿ ಅನ್ನುವುದು ಸರಿ. ಚುರುಕಾಗುತ್ತದೆ ಅನ್ನುವುದು ಸರಿಯಲ್ಲ. ಪ್ರಿನ್ಸ್‌ನಲ್ಲಿ ಇಬ್ಬರೂ ಸಮ. ಅದರ ಮೇಲೆ ಹೋದಂತೆಲ್ಲ ಕಂಪ್ಯೂಟರ್‌ಗೆ ಚಿನ್ನ, ಉತ್ಪಾದನೆ, ವಿಜ್ಞಾನ, ಯುದ್ಧಬಲ ಎಲ್ಲವೂ ಪುಕ್ಕಟೆಯಾಗಿ ಜಾಸ್ತಿ ಸಿಗುತ್ತದೆ. ಎಲ್ಲಕ್ಕಿಂತ ಕಷ್ಟದ ಡೀಟಿ ಲೆವೆಲ್‌ನಲ್ಲಿ ಅದು 3 ಸೆಟ್ಲರ್ (ಹೊಸ ಊರು ಕಟ್ಟುವ ವಲಸಿಗರು) ಇಟ್ಟುಕೊಂಡು ಶುರು ಮಾಡುತ್ತದೆ, ನಮಗೆ ಸಿಗುವುದು ಒಂದೇ ಸೆಟ್ಲರ್. ಅದು ಯೋಚಿಸುವ ರೀತಿ ಮಾತ್ರ ಎಲ್ಲ ಲೆವೆಲ್‌ನಲ್ಲೂ ಅದೇ.

ಶಿವಮೊಗ್ಗದ ನಮ್ಮ ಗೆಳೆಯರ ಗುಂಪಿಗೆ ಹೊಸ ಹುಡುಗರು ಬಂದಾಗ ನಾನು ಮೊದಲು ಹೇಳುವುದೇ ಇದು. ಸ್ಟೋನ್‌ಹೆಂಜ್ (ಆಟದಲ್ಲಿ ಒಬ್ಬರು ಮಾತ್ರ ಕಟ್ಟಬಹುದಾದ ಅದ್ಭುತ) ಆಸೆ ಬಿಡಿ, ಎದುರಾಳಿ ಮೊದಲೇ ಕಟ್ಟಿರುತ್ತದೆ. ಸ್ಲಿಂಗರ್‌ನಿಂದ (ಕವಣೆ ಬೀಸುವ ಸೈನಿಕ) ಒಬ್ಬ ಬಾರ್ಬೇರಿಯನ್‌ನನ್ನು (ಯಾವ ದೇಶಕ್ಕೂ ಸೇರದ ದಾಳಿಕೋರ) ಹೊಡೆದು ಕೊಲ್ಲಿ, ಆರ್ಚರಿಯ ಯುರೇಕಾ, ಅಂದರೆ ಬಿಲ್ಲುವಿದ್ಯೆ ಬೇಗ ಕಲಿಯುವ ನೆರವು, ಸಿಗುತ್ತದೆ. ನಾಲ್ಕೈದು ಬಿಲ್ಲುಗಾರರಿದ್ದರೆ ಮೊದಲ ದಾಳಿ ತಡೆಯಬಹುದು. ಅವರನ್ನು ಗುಡ್ಡದ ಮೇಲೆ ನಿಲ್ಲಿಸಿ, ಮುಂದೆ ಹೊಳೆ ಇದ್ದರೆ ಇನ್ನೂ ಒಳ್ಳೆಯದು. ತೀರ್ಥಹಳ್ಳಿ ಕಡೆಯ ಕವಲೆದುರ್ಗ ಕೋಟೆ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಕೆಳದಿಯ ಅರಸರು ಗುಡ್ಡದ ಏರನ್ನೇ ಬಳಸಿ ಸುತ್ತಿನ ಮೇಲೆ ಸುತ್ತು ಕೋಟೆ ಕಟ್ಟಿದ್ದರು.

ಇನ್ನು, ಎದುರಾಳಿಯ ಹತ್ತಿರ ಚಿನ್ನ ಜಾಸ್ತಿ ಇರುವುದು ನಮಗೂ ಲಾಭವೇ. ಹೆಚ್ಚಿಗೆ ಇರುವ ರೇಷ್ಮೆ, ಮಸಾಲೆಯನ್ನು ಅವರಿಗೇ ಮಾರಿ. ಆ ದುಡ್ಡಲ್ಲಿ ಸೆಟ್ಲರ್ ಕೊಳ್ಳಿ.

ಲೆವೆಲ್ ಏರಿಸುವಾಗ ನಾಯಕ, ನಕ್ಷೆ ಎರಡನ್ನೂ ಹಳೆಯದೇ ಇಟ್ಟುಕೊಳ್ಳಿ. ಆಗ ಸೋತರೂ ಯಾಕೆ ಸೋತಿರಿ ಎಂದು ಗೊತ್ತಾಗುತ್ತದೆ.