ಯಾರ್ರೀ ಈ ಸರೋಜಾ?

ಏಪ್ರಿಲ್ ಬಿಸಿಲಲ್ಲಿ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಎಲ್‌ಪಿ ರೆಕಾರ್ಡ್ ಬಿಟ್ಟು ಮಸಾಲೆ ದೋಸೆ ತಿನ್ನಲು ಹೋಗಬಾರದು. ನಾನು ಹೋದೆ. ದೋಸೆ ತಡವಾಯಿತು. ಬಂದು ನೋಡಿದರೆ ರೆಕಾರ್ಡ್ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಒಂದು ಕಡೆ ಮೇಲೆದ್ದಿತ್ತು.

ನಾನೂರು ರೂಪಾಯಿ ಕೊಟ್ಟಿದ್ದೆ, ಬಿಸಾಡಲು ಮನಸ್ಸು ಬರಲಿಲ್ಲ. ಅವೆನ್ಯೂ ರಸ್ತೆ ಹತ್ತಿರದ ಓಣಿಯ ಪುಟ್ಟ ಅಂಗಡಿಯಲ್ಲಿ ಅರ್ಧ ದಿನ ಧೂಳು ಕುಡಿದು ಹುಡುಕಿದ್ದದು. ಮನೆಯಲ್ಲಿ ಹಾಕಿದೆ. ಮುಳ್ಳು ಜಾತ್ರೆಯ ತೊಟ್ಟಿಲಲ್ಲಿ ಕೂತ ಹಾಗೆ ಏರಿತು, ಇಳಿಯಿತು. ಸುತ್ತಿಗೊಂದು ಸಲ ಗಾಯಕರಿಗೆ ಬಿಕ್ಕಳಿಕೆ. ಎಲ್‌ಪಿ ನಿಮಿಷಕ್ಕೆ 33 ಸುತ್ತು ತಿರುಗುತ್ತದೆ, ಬಿಕ್ಕಳಿಕೆಯೂ 33. ಮೇಲೊಂದು ಮೂರನೇ ಒಂದು ಭಾಗದ ಬಿಕ್ಕಳಿಕೆಯೂ ಉಂಟು, ಲೆಕ್ಕ ಲೆಕ್ಕವೇ ಅಲ್ವಾ.

ಏನಪ್ಪಾ ಗಲಾಟೆ ಅಂತ ಬಂದ ಹೆಂಡತಿ ಸುಮ್ನೆ ಕವರ್ ಎತ್ತಿಕೊಂಡಳು. ತಿರುಗಿಸಿದಳು. ಹಾಡು ಮುಗಿದರೂ ಕೆಳಗಿಡಲಿಲ್ಲ.

"ರೀ, ಯಾರ್ರೀ ಈ ಸರೋಜಾ?"

ಹಿಂಬದಿಯ ಮೂಲೆಯಲ್ಲಿ ನೀಲಿ ಶಾಯಿಯ ಬರಹ: 'ಪ್ರೀತಿಯ ಸರೋಜಳಿಗೆ, ಯಾವತ್ತೂ ನಿನ್ನವನೇ, ಆರ್.' ನನ್ನ ಗ್ರಹಚಾರ, ನನ್ನ ಹೆಸರೂ ಆರ್‌ನಿಂದಲೇ ಶುರು. ಕೆಳಗೆ ಸಂಕ್ರಾಂತಿ ಅಂತಿತ್ತು. ಇಸವಿ ಇರಬೇಕಾದ ಕಡೆ ಅಂಗಡಿಯ ಬೆಲೆ ಚೀಟಿ.

"ಹಳೇದು ಕಣೇ" ಅಂದೆ.

"ಹಳೇದು ಅಂತ ಗೊತ್ತಾಗ್ತಿದೆ" ಅಂದಳು.

ಭಾನುವಾರ ಇಬ್ಬರೂ ಅಂಗಡಿಗೆ ಹೋದೆವು. ಎಪ್ಪತ್ತು ದಾಟಿದ ಯಜಮಾನರು ನಗಲಿಲ್ಲ. ಹೆಬ್ಬೆರಳಿಗೆ ನೀರು ಮುಟ್ಟಿಸಿ ಚೀಟಿ ನೆನೆಸಿದರು, ಉಗುರಿನಿಂದ ನಿಧಾನವಾಗಿ ಎಬ್ಬಿಸಿದರು. 1975. ನಾನು ಹುಟ್ಟಿದ್ದು 1979ರಲ್ಲಿ. ಇಷ್ಟು ಖುಷಿಯಿಂದ ನಾನು ಯಾವತ್ತೂ ನನ್ನ ವಯಸ್ಸು ಹೇಳಿಕೊಂಡಿರಲಿಲ್ಲ.

"ಇಂಥವು ಗುಜರಿಯಿಂದ ಮೂಟೆಗಟ್ಟಲೆ ಬರುತ್ವಮ್ಮ" ಅಂದರು ಯಜಮಾನರು. "ಹಾಡಿಗೆ ಅಂತ ಬರೋರು ಇದನ್ನ ಓದೋದೇ ಇಲ್ಲ. ಹೆಸರು ಬಿಟ್ಟುಹೋಗೋ ಆಸೆ ಹಾಡೋರಿಗೂ ಇತ್ತು. ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ರೆಕಾರ್ಡ್ ಕೊಟ್ಟಾಗ, ಹಾಡು ಮುಗೀತಿದ್ದಂಗೆ ಇಂಗ್ಲಿಷಲ್ಲಿ ತನ್ನ ಹೆಸರು ಹೇಳಿದ್ಳು. ಕೊನೆಗಾಲ ಕಳೆದಿದ್ದು ನಮ್ಮ ಮೈಸೂರಲ್ಲೇ, 1930ರಲ್ಲಿ ಹೋದ್ಳು."

ನನ್ನ ಹಪ್ಪಳಕ್ಕೂ ಔಷಧಿ ಹೇಳಿದರು. ಎರಡು ಗಾಜಿನ ನಡುವೆ ಇಟ್ಟು ಮೇಲೆ ಭಾರ ಹೇರಬೇಕಂತೆ. ಸದ್ಯ ನಮ್ಮ ಅಕ್ಕಿ ಡಬ್ಬ ಅದರ ಮೇಲೆ ಕೂತಿದೆ. ಬಿಕ್ಕಳಿಕೆ ಇನ್ನೂ ಪೂರ್ತಿ ನಿಂತಿಲ್ಲ.

ನಾನು ಔಷಧಿ ಕೇಳುತ್ತಿದ್ದಾಗ ಇವಳು ಮೂಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಾಗಿತ್ತು. ಹಾಡು ಯಾವುದು, ಹಾಡಿದವರ್ಯಾರು, ಕೇಳಬೇಡಿ. ಬರಹ ಇದ್ದರೆ ಸಾಕು, ಈ ಕಡೆ. ಮೂರು ರೆಕಾರ್ಡ್ ಆರಿಸಿದಳು. ಒಂದರ ಕಾಗದದ ಚೀಲದ ಮೇಲೆ ಪೆನ್ಸಿಲಿನಲ್ಲಿ, 'ಅತ್ತಿಗೆ, ಇನ್ನಾದರೂ ಸಿಟ್ಟು ಬಿಡಿ.' ಒಳಗಿದ್ದದ್ದು ಭಾರದ ಅರಗಿನ ತಟ್ಟೆ.

"ಇದು 78 ಸುತ್ತಿಂದು ಕಣೇ, ನಮ್ಮ ಮಿಷಿನ್ನಲ್ಲಿ ಓಡಲ್ಲ."

"ಓಡಿಸೋರ್ಯಾರು? ಅತ್ತಿಗೆ ಸಿಟ್ಟು ಬಿಟ್ರಾ ಇಲ್ವಾ ಅಂತ ನಂಗೆ ಯೋಚ್ನೆ."