ಬೆರಳುದ್ದದ ಗೀರಿಗೆ ಇಡೀ ಬಾಗಿಲು ಯಾಕೆ ಕೆರೆಸ್ತೀರಿ?

ಸಿಟ್ಟು ಇನ್ನೂ ಇಳಿದಿಲ್ಲ. ಬರೆದೇ ಬಿಡುತ್ತೇನೆ.

ನಮ್ಮ ಸೊಸೈಟಿಯ ಹುಬ್ಬಳ್ಳಿ ಅಕ್ಕ ಇವತ್ತು ಕಾರು ಸರ್ವಿಸ್‌ಗೆ ಬಿಡಲು ಹೊರಟಿದ್ದರು. ಜೊತೆಗೆ ನಾನೂ ಹೋಗಿದ್ದೆ. ನೀಲಿ ಮೆಟಾಲಿಕ್ ಕಾರು, ಇನ್ನೂ ಹೊಸದೇ. ಪುಣೆಯ ಲಕ್ಷ್ಮೀ ರೋಡಿನ ಗದ್ದಲದಲ್ಲಿ ಯಾವುದೋ ಸ್ಕೂಟರಿನ ಬ್ರೇಕ್ ಲಿವರ್ ತಾಗಿ ಹಿಂದಿನ ಬಾಗಿಲ ಮೇಲೆ ಒಂದು ಗೀರು ಬಿದ್ದಿದೆ. ಬೆರಳುದ್ದವೂ ಇಲ್ಲ. ತಗಡು ನೆಗ್ಗಿಲ್ಲ. ಅಡ್ವೈಸರ್ ಹುಡುಗ ಟ್ಯಾಬ್ ಹಿಡಿದುಕೊಂಡು ಬಂದ, ಬಗ್ಗಿ ಸರಿಯಾಗಿ ನೋಡಲೂ ಇಲ್ಲ, "ಮ್ಯಾಡಮ್, ಪೂರ್ಣ ಪ್ಯಾನೆಲ್ ಕರಾವಂ ಲಾಗೇಲ್" ಅಂದ, ಅಂದರೆ ಬಾಗಿಲಿನ ಇಡೀ ತಗಡಿಗೇ ಹೊಸದಾಗಿ ಪೇಂಟ್ ಹೊಡೆಯಬೇಕು ಅಂತ. ಮೆಟಾಲಿಕ್ ಆದ್ದರಿಂದ ಪಕ್ಕದ ಪ್ಯಾನೆಲ್‌ಗೂ ಸ್ವಲ್ಪ ಬಣ್ಣ ಎಳೆಯಬೇಕಂತೆ. ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮ್ ಹಾಕಿಬಿಡಿ ಅಂತ ಸಲಹೆ ಬೇರೆ. ಅಕ್ಕ ನನ್ನ ಮುಖ ನೋಡಿದರು. "ಸಹಿ ಮಾಡಬ್ಯಾಡ್ರಿ ಅಕ್ಕಾ" ಅಂದೆ.

ನಾನು ಚಾಕಣ್ ಕಡೆ ಕಾರು ಫ್ಯಾಕ್ಟರಿಯ ಪೇಂಟ್ ಶಾಪ್‌ನಲ್ಲಿ, ಅಂದರೆ ಬಣ್ಣ ಹೊಡೆಯುವ ವಿಭಾಗದಲ್ಲಿ ದುಡಿದವನು ಅಂತ ನಿಮಗೆಲ್ಲ ಗೊತ್ತು. ಅದಕ್ಕೇ ಈ ಹೊಟ್ಟೆಯುರಿ. ಫ್ಯಾಕ್ಟರಿಯಲ್ಲಿ ಕಾರಿನ ಬರೀ ಬಾಡಿಯನ್ನು ದೊಡ್ಡ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಕರೆಂಟ್ ಹಾಯಿಸಿದಾಗ ಮೊದಲ ಪದರ ಸಂದಿಗೊಂದಿಗೂ ಹೋಗಿ ಕೂರುತ್ತದೆ. ತುಕ್ಕು ತಡೆಯುವುದು ಮುಖ್ಯವಾಗಿ ಅದೇ. ಅದರ ಮೇಲೆ ಬಣ್ಣ ಹಿಡಿಯಲು ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಕೋಟ್ ಅನ್ನುವ ಬಣ್ಣವಿಲ್ಲದ ಹೊಳಪಿನ ಪದರ. ಕ್ಲಿಯರ್ ಕೋಟನ್ನು ಸುಮಾರು 140 ಡಿಗ್ರಿಯ ಓವನ್‌ನಲ್ಲಿ ಬೇಯಿಸುತ್ತಾರೆ. ಒಳಗೆ ಹೋಗುವ ಮೊದಲು ನಾವು ಸೂಟ್ ಹಾಕಿ, ಗಾಳಿಯ ಕೋಣೆಯಲ್ಲಿ ನಿಂತು ಮೈಮೇಲಿನ ಧೂಳು ಹಾರಿಸಿಕೊಳ್ಳಬೇಕಿತ್ತು. ಬಾನೆಟ್ ಮೇಲೆ ಒಂದೇ ಒಂದು ಧೂಳಿನ ಕಣ ಕೂತರೂ ಗುರುತು ಹಾಕಿ, ಅಷ್ಟೇ ಜಾಗ ಉಜ್ಜಿ ಸರಿ ಮಾಡುತ್ತಿದ್ದೆವು. ಎಲ್ಲ ಪದರ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಆರನೇ ಒಂದು ಭಾಗದಷ್ಟೂ ಇಲ್ಲ.

ಇದನ್ನು ಗ್ಯಾರೇಜಿನಲ್ಲಿ ಮತ್ತೆ ಮಾಡಲು ಆಗುವುದಿಲ್ಲ. ಒಳಗೆ ವೈರು, ರಬ್ಬರ್, ಪ್ಲಾಸ್ಟಿಕ್, ಸೀಟು ಎಲ್ಲ ಇರುವ ಗಾಡಿಯನ್ನು 140 ಡಿಗ್ರಿಯಲ್ಲಿ ಬೇಯಿಸಲು ಬರುತ್ತದೆಯೇ? ಅಲ್ಲಿ 60ರಿಂದ 80 ಡಿಗ್ರಿಯಲ್ಲಿ ಒಣಗುವ ಬೇರೆಯೇ ಪೇಂಟ್ ಹೊಡೆಯುತ್ತಾರೆ. ಒಳ್ಳೆಯ ಕೈ ಇದ್ದರೆ ಚೆನ್ನಾಗಿಯೇ ಬರುತ್ತದೆ, ಇಲ್ಲ ಅನ್ನಲ್ಲ. ಆದರೆ ಒಂದು ಗೀರಿಗೋಸ್ಕರ ಚೆನ್ನಾಗಿರುವ ಅಷ್ಟೂ ಮೈಯನ್ನು ಪೇಪರ್ ಹಾಕಿ ಉಜ್ಜಿಸುವುದು ನನಗೆ ಒಪ್ಪಿಗೆಯಿಲ್ಲ. ನಾಳೆ ಗಾಡಿ ಮಾರಲು ಹೋದಾಗ ಕೊಳ್ಳುವವರು ಪೇಂಟಿನ ದಪ್ಪ ಅಳೆಯುವ ಸಣ್ಣ ಮಷೀನ್ ತಂದು ಬಾಗಿಲಿಗೆ ಇಡುತ್ತಾರೆ. ಎರಡು ಪ್ಯಾನೆಲ್‌ನಲ್ಲಿ ಅಂಕಿ ಜಾಸ್ತಿ ಬಂದರೆ "ಆಕ್ಸಿಡೆಂಟ್ ಆಗಿತ್ತಾ?" ಅಂತ ಕೇಳುತ್ತಾರೆ. ಗೀರು ಅಂದರೆ ಯಾರು ನಂಬುತ್ತಾರೆ?

ಇನ್ನು ಕ್ಲೇಮ್ ವಿಷಯ. ಕ್ಲೇಮ್ ಇಲ್ಲದ ವರ್ಷಗಳಿಗೆ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, 20, 25, 35, 45, ಕೊನೆಗೆ 50 ಪರ್ಸೆಂಟ್‌ವರೆಗೆ ಏರುತ್ತದೆ. ಒಂದು ಕ್ಲೇಮ್ ಹಾಕಿದರೆ ಸಾಮಾನ್ಯವಾಗಿ ಮತ್ತೆ ಸೊನ್ನೆಗೆ. ಮೇಲೆ 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ ಹೇಗೂ ನಮ್ಮ ಜೇಬಿನಿಂದಲೇ. ಈ ಲೆಕ್ಕವನ್ನು ಆ ಹುಡುಗ ಅಕ್ಕನಿಗೆ ಹೇಳಲೇ ಇಲ್ಲ. ಅವನಿಗೂ ಟಾರ್ಗೆಟ್ ಇರುತ್ತದೆ, ಅರ್ಥವಾಗುತ್ತದೆ. ಆದರೂ ಹೇಳಬೇಕಿತ್ತು.

ಮಾಡಬೇಕಾದದ್ದು ಇಷ್ಟು. ಗೀರಿನ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳದಿದ್ದರೆ ಸಾಮಾನ್ಯವಾಗಿ ಗಾಯ ಕ್ಲಿಯರ್ ಕೋಟಿನಲ್ಲೇ ಇದೆ, ಉಜ್ಜಿ ಹೊಳಪು ಬರಿಸುವ ರಬ್ಬಿಂಗ್ ಕಾಂಪೌಂಡ್ ಸಾಕು. ಸಿಕ್ಕಿಕೊಂಡು, ಒಳಗೆ ಬೂದು ಅಥವಾ ಬಿಳಿ ಪ್ರೈಮರ್ ಕಂಡರೆ ಟಚ್‌ಅಪ್ ಬೇಕು, ಅಂದರೆ ಗೀರಿನೊಳಗೆ ಮಾತ್ರ ಬಣ್ಣ ತುಂಬುವುದು. ತಗಡೇ ಕಂಡರೆ ಮೊದಲು ತುಕ್ಕು ತಡೆಯುವ ಪ್ರೈಮರ್, ಆಮೇಲೆ ಬಣ್ಣ. ಬಣ್ಣದ ಕೋಡ್ ಗಾಡಿಯ ಮೇಲೇ ಇರುತ್ತದೆ, ಸಾಮಾನ್ಯವಾಗಿ ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿ ಅಥವಾ ಬಾನೆಟ್ ಒಳಗಿನ ಪ್ಲೇಟಿನಲ್ಲಿ. ಟೊಯೋಟಾದ ಸೂಪರ್ ವೈಟ್ ಅಂದರೆ 040, ಮಾರುತಿಯ ಸಿಲ್ಕಿ ಸಿಲ್ವರ್ ಅಂದರೆ ಝೆಡ್2ಎಸ್. ಸುಮ್ನೆ "ಬಿಳಿ ಕೊಡಿ" ಅಂತ ಕೇಳಬೇಡಿ, ಬಿಳಿಯಲ್ಲೇ ಎಷ್ಟೋ ಬಗೆ ಇವೆ.

ಟಚ್‌ಅಪ್ ಪೇಂಟ್ ಬಾಟಲಿಯ ಮುಚ್ಚಳದಲ್ಲಿರುವ ಬ್ರಷ್ ಅಂತೂ ಬಳಸಲೇಬೇಡಿ. ಕೆಲಸ ಕೆಡುವುದೇ ಅಲ್ಲಿ. ಗೀರಿಗಿಂತ ಬ್ರಷ್ಷೇ ದಪ್ಪ, ಬಣ್ಣ ಹೊರಗೆ ಹರಡಿ ಕಲೆಯಾಗುತ್ತದೆ. ಹಲ್ಲುಕಡ್ಡಿ ಅಥವಾ ತೀರಾ ಸಣ್ಣ ಚಿತ್ರದ ಬ್ರಷ್ ತೆಗೆದುಕೊಳ್ಳಿ. ಜಾಗ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ವ್ಯಾಕ್ಸ್ ಉಳಿದಿದ್ದರೆ ಬಣ್ಣ ಕಚ್ಚುವುದಿಲ್ಲ. ಬಾಟಲಿ ಚೆನ್ನಾಗಿ ಅಲುಗಾಡಿಸಿ. ಹನಿಯನ್ನು ಗೀರಿನೊಳಗೆ ಮುಟ್ಟಿಸಿದರೆ ಸಾಕು, ತಾನೇ ಹರಿದು ಕೂರುತ್ತದೆ. ಒಣಗಿದಾಗ ಕುಗ್ಗುತ್ತದೆ, ಮತ್ತೊಂದು ತೆಳು ಪದರ ಕೊಡಿ. ಅದರ ಮೇಲೆ ಕ್ಲಿಯರ್, ಸುತ್ತಲಿನ ಮೈಗಿಂತ ಒಂದು ಕೂದಲು ಮೇಲೆ ಬರುವಷ್ಟು. ಆಮೇಲೆ ಕೆಲವು ದಿನ ಮುಟ್ಟಬೇಡಿ. ಪೂರ್ತಿ ಗಟ್ಟಿಯಾದ ಮೇಲೆ 2000 ನಂಬರಿನ ವಾಟರ್ ಪೇಪರ್ ನೀರಲ್ಲಿ ನೆನೆಸಿ, ಉಬ್ಬಿದ್ದಷ್ಟನ್ನೇ ಮೆತ್ತಗೆ ಉಜ್ಜಿ, ಕಾಂಪೌಂಡ್ ಹಾಕಿ. ಮಳೆಗಾಲದಲ್ಲಿ ಈ ಕೆಲಸ ಬೇಡ, ಗಾಳಿಯ ತೇವಕ್ಕೆ ಪೇಂಟ್ ಮಬ್ಬಾಗಿ ಬೆಳ್ಳಗಾಗುತ್ತದೆ. ಮುಂಬೈ, ಗೋವಾದವರು ಇದನ್ನು ಇನ್ನೂ ಜಾಸ್ತಿ ನೆನಪಿಡಿ. ಹಾಗಂತ ತಗಡು ಕಾಣುವ ಗೀರನ್ನು ವರ್ಷಗಟ್ಟಲೆ ಬಿಡಲೂಬೇಡಿ, ಸಮುದ್ರದ ಉಪ್ಪುಗಾಳಿ ಕಾಯುವುದಿಲ್ಲ.

"ಬಣ್ಣ ನೂರಕ್ಕೆ ನೂರು ಕೂಡುವುದಿಲ್ಲವಲ್ಲ" ಅಂತ ಕೇಳುವವರಿದ್ದಾರೆ. ಹೌದು, ಕೂಡುವುದಿಲ್ಲ. ಮೆಟಾಲಿಕ್‌ನಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಸ್ಪ್ರೇ ಗನ್‌ನಲ್ಲಿ ಹೊಡೆದಾಗ ಅವು ಮಲಗುವ ರೀತಿ ಬೇರೆ, ಕಡ್ಡಿಯಲ್ಲಿ ಇಟ್ಟಾಗ ಬೇರೆ. ಓರೆ ಬಿಸಿಲಲ್ಲಿ ಹತ್ತಿರ ಹೋಗಿ ನೋಡಿದರೆ ಒಂದು ಗೆರೆ ಕಾಣುತ್ತದೆ. ಕಾಣಲಿ ಬಿಡಿ! ಗ್ಯಾರೇಜಿನವರಿಗೂ ಬಣ್ಣ ಕೂಡಿಸುವುದು ಕಷ್ಟ. ಅದಕ್ಕೇ ಅಲ್ವಾ ಪಕ್ಕದ ಪ್ಯಾನೆಲ್‌ಗೂ ಎಳೆಯುತ್ತೇವೆ ಅಂದದ್ದು? ನಾಲ್ಕು ಹೆಜ್ಜೆ ದೂರಕ್ಕೆ ಕಾಣದ ಗೆರೆಗೆ ಹೆದರಿ, ಗಾಯವೇ ಇಲ್ಲದ ಪಕ್ಕದ ಪ್ಯಾನೆಲ್ ಕೆರೆಸಲು ನಾನಂತೂ ತಯಾರಿಲ್ಲ. ಬಾಗಿಲು ನೆಗ್ಗಿದ್ದರೆ, ಅಂಗೈಯಗಲ ಪೇಂಟ್ ಎದ್ದಿದ್ದರೆ ಖಂಡಿತ ಡೆಂಟಿಂಗ್-ಪೇಂಟಿಂಗ್‌ಗೆ ಕೊಡಿ, ಅದು ಬೇರೆ ಮಾತು.

ಅಕ್ಕ ಸಹಿ ಮಾಡಲಿಲ್ಲ, ಆಯಿಲ್ ಬದಲಿಸಿ ಗಾಡಿ ವಾಪಸ್ ತಂದೆವು. ಶನಿವಾರ ಬಣ್ಣ ಮಿಕ್ಸ್ ಮಾಡಿಸಲು ನಾನಾ ಪೇಠ್‌ಗೆ ಹೋಗುತ್ತಿದ್ದೇನೆ. ಕೋಥ್ರೂಡ್, ವಾರ್ಜೆ ಕಡೆಯ ಗೆಳೆಯರು ಯಾರಿಗಾದರೂ ಬೇಕಿದ್ದರೆ ಸ್ಟಿಕ್ಕರ್‌ನ ಫೋಟೊ ಇನ್‌ಬಾಕ್ಸ್‌ಗೆ ಕಳಿಸಿ. ಚಾಸಿ ನಂಬರ್ ಮುಚ್ಚಿ, ಬಣ್ಣದ ಕೋಡ್ ಕಂಡರೆ ಸಾಕು. ಫ್ಯೂಯಲ್ ಟ್ಯಾಂಕಿನ ಹೊರಗಿನ ಬಣ್ಣದ ಮುಚ್ಚಳ ಬಿಚ್ಚಲು ಬಂದರೆ ಅದನ್ನೂ ಕೊಡಿ. ಬಿಸಿಲಿಗೆ ಮಾಸಿದ ಬಣ್ಣ ಕೋಡಿಗಿಂತ ಸ್ವಲ್ಪ ಬೇರೆಯಾಗಿರುತ್ತದೆ, ಪಕ್ಕದಲ್ಲಿ ಹಿಡಿದು ನೋಡಿ ಮಿಕ್ಸ್ ಮಾಡಿಸಬಹುದು.