ಒಂದನೇ ನಂಬರ್ ಚೀಟಿ

ನಮ್ಮ ಬಚ್ಚಲುಮನೆಯ ಸೀಲಿಂಗ್ ಸೋರಲು ಶುರುವಾಗಿ ಮೂರು ತಿಂಗಳಾಯಿತು. ಓನರ್‌ಗೆ ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: ‘ಮುಂದಿನ ವಾರ’. ಹಾಂಗ್‌ಕಾಂಗ್‌ನಲ್ಲಿ ಇಷ್ಟು ಬಾಡಿಗೆ ಕೊಟ್ಟು ತಲೆ ಮೇಲೆ ಟವೆಲ್ ಹಾಕಿಕೊಂಡು ಹಲ್ಲುಜ್ಜುವವನ ಸಂಕಟ ಯಾರಿಗೆ ಹೇಳೋಣ?

‘ವಾಂಗ್ ತೈ ಸಿನ್‌ಗೆ ಹೇಳಿ’ ಅಂದಳು ಆಫೀಸಿನ ಪಕ್ಕದ ಸೀಟಿನ ಹುಡುಗಿ. ಕೇಳಿದ್ದನ್ನು ಕೊಡುವ ದೇವರಂತೆ, ಮೆಟ್ರೊ ಸ್ಟೇಷನ್ನಿಗೂ ಅವನದೇ ಹೆಸರು. ಭಾನುವಾರ ಅವಳೇ ಅವನ ದೇವಸ್ಥಾನಕ್ಕೆ ಕರೆದುಕೊಂಡು ಹೋದಳು.

ಬಿದಿರಿನ ಕೊಳವೆಯಲ್ಲಿ ನಂಬರ್ ಬರೆದ ನೂರು ಕಡ್ಡಿ. ಮಂಡಿಯೂರಿ, ಮನಸ್ಸಿನಲ್ಲಿ ಪ್ರಶ್ನೆ ಕೇಳಿಕೊಂಡು ಅಲ್ಲಾಡಿಸಬೇಕು. ಒಂದೇ ಕಡ್ಡಿ ಬೀಳಬೇಕು; ಆ ನಂಬರಿನ ಚೀಟಿಯೇ ದೇವರ ಉತ್ತರ. ಅಕ್ಕಪಕ್ಕದ ಅಜ್ಜಿಯರ ಕೊಳವೆಗಳು ಗೆಜ್ಜೆಯಂತೆ ನುಡಿಯುತ್ತಿದ್ದವು. ನನ್ನದರಲ್ಲಿ ಮೊದಲು ಒಂದೂ ಬೀಳಲಿಲ್ಲ. ಸ್ವಲ್ಪ ಬಗ್ಗಿಸಿದೆ. ಡಬ್ಬಿಯಿಂದ ಸಾಸಿವೆ ಸುರಿದ ಹಾಗೆ ಆರೇಳು ಒಟ್ಟಿಗೆ ಬಿದ್ದವು. ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ. ಸಿಟ್ಟಿನಲ್ಲಿ ಜೋರಾಗಿ ಅಲ್ಲಾಡಿಸಿದೆ ನೋಡಿ, ಒಂದೇ ಒಂದು ಕಡ್ಡಿ ಹಾರಿ ಪಕ್ಕದ ಅಜ್ಜಿಯ ಮಡಿಲಿಗೆ! ಆಕೆ ಕಣ್ಣು ತೆರೆದು ಕಡ್ಡಿ ನೋಡಿ, ನನ್ನನ್ನು ನೋಡಿ, ಏನೋ ಅಂದು ಎರಡೂ ಕೈಯಲ್ಲಿ ಹಿಂದಿರುಗಿಸಿದರು. ‘ಒಂದನೇ ನಂಬರಂತೆ!’ ಗೆಳತಿ ಕಿರುಚಿದಳು. ಉತ್ತಮದಲ್ಲಿ ಉತ್ತಮ.

ಅರ್ಥ ಹೇಳುವವರ ಅಂಗಡಿಗಳು ದೇವಸ್ಥಾನದ ಪಕ್ಕದಲ್ಲೇ ಸಾಲಾಗಿವೆ. ನಾವು ಹೊಕ್ಕ ಅಂಗಡಿಯ ಅಮ್ಮ ಕನ್ನಡಕ ಏರಿಸಿ ಮೊದಲು ಕೇಳಿದ್ದು, ‘ಯಾವ ವಿಷಯ? ಉದ್ಯೋಗವೋ, ಮದುವೆಯೋ, ಆರೋಗ್ಯವೋ?’

‘ಸೀಲಿಂಗ್’ ಅಂದೆ.

ಗೆಳತಿ ಭಾಷಾಂತರಿಸಿದಳು. ಅಮ್ಮ ಮತ್ತೆ ಕೇಳಿದರು: ‘ಉದ್ಯೋಗವೋ, ಮದುವೆಯೋ, ಆರೋಗ್ಯವೋ?’ ‘ಸೀಲಿಂಗ್.’ ಮೂರನೇ ಸಲವೂ ಅದೇ ಪ್ರಶ್ನೆ, ಅದೇ ರಾಗ. ಕೊನೆಗೆ ಸೋತು ‘ಆರೋಗ್ಯ’ ಅಂದೆ. ನೆಗಡಿಯಂತೂ ಆಗಿತ್ತು.

ಚೀಟಿಯಲ್ಲಿ ನಾಲ್ಕು ಸಾಲಿನ ಪದ್ಯ. ಡ್ರ್ಯಾಗನ್ನು, ಹುಲಿ, ಗಾಳಿ, ಮೋಡ ಎಲ್ಲ ಕೂಡುವ ಕಾಲವಂತೆ. (ಮೋಡ ಬೇಡವಾಗಿತ್ತು.) ದೇವತೆಗಳ ಯಾವೊ ಚಿ ಕೊಳಕ್ಕೆ ನಾನು ಇಷ್ಟಬಂದಂತೆ ಹೋಗಿಬರಬಹುದಂತೆ. ಚೀಟಿಯ ಕಥೆ ಹಳೇ ಚೀನಾದ ಜಿಯಾಂಗ್ ತಾತನದು. ಕೊಕ್ಕೆಯೇ ಇಲ್ಲದ ನೆಟ್ಟನೆ ಗಾಳ ಹಾಕಿ ಹೊಳೆದಂಡೆಯಲ್ಲಿ ಕೂತಿದ್ದನಂತೆ. ಝೌ ವಂಶದ ರಾಜ ಹುಡುಕಿಕೊಂಡು ಬಂದು ಮಂತ್ರಿ ಮಾಡಿದ.

‘ಆಗ ಎಷ್ಟು ವಯಸ್ಸು?’

‘ಎಂಬತ್ತರ ಹತ್ತಿರ’ ಅಂದರು ಅಮ್ಮ, ಬಹಳ ಸಂತೋಷದಿಂದ.

ನನಗೆ ನಲವತ್ತೆರಡು.

ಊರಲ್ಲಿ ನಮ್ಮಜ್ಜಿ ದೇವರ ಬಲಗಡೆಯಿಂದ ಹೂ ಬೀಳಲಿ ಅಂತ ಗಂಟೆಗಟ್ಟಲೆ ಕೈಮುಗಿದು ನಿಲ್ಲುತ್ತಿದ್ದಳು. ಬಿದ್ದೊಡನೆ ಕಣ್ಣಿಗೊತ್ತಿ ಸೆರಗಿನ ತುದಿಗೆ ಕಟ್ಟಿಕೊಳ್ಳುವಳು. ಹೂವಿಗೆ ಅರ್ಥ ಹೇಳುವ ಅಂಗಡಿ ಇರಲಿಲ್ಲ. ಏನು ಕೇಳಿಕೊಂಡೆ ಅಂದರೆ ಹೇಳುತ್ತಲೂ ಇರಲಿಲ್ಲ.

ಓನರ್‌ಗೆ ಚೀಟಿಯ ಫೋಟೊ ಕಳಿಸಿದೆ. ‘ಶುಭಾಶಯ! ಮುಂದಿನ ವಾರ ಬರ್ತೀನಿ’ ಅಂತ ಉತ್ತರ ಬಂತು. ಸೋರುವಲ್ಲಿಟ್ಟ ಬಕೆಟ್‌ಗೆ ನನ್ನ ಹೆಂಡತಿ ಯಾವೊ ಚಿ ಅಂತ ಹೆಸರಿಟ್ಟಿದ್ದಾಳೆ. ರಾತ್ರಿ ಎರಡೆರಡು ಗಂಟೆಗೊಮ್ಮೆ ಎದ್ದು ಅಲ್ಲಿಗೆ ಹೋಗಿಬರುತ್ತಿದ್ದೇನೆ.